ಅರ್ಧ ಲೀಟರ್ ಹಾಳು

ಮೈಸೂರಿಗೆ ಬಂದ ಮೂರನೇ ದಿನ. ಸರಸ್ವತಿಪುರಂನ ಒಂದು ಪೆಟ್ಟಿಗೆ ಅಂಗಡಿ ಮುಂದೆ ನಿಂತು, ‘ಒಂದು ಬಾಟ್ಲಿ ನೀರು ಕೊಡು’ ಅಂದೆ. ಅಂಗಡಿಯವರಿಗೆ ಅರವತ್ತರ ಹತ್ತಿರ ವಯಸ್ಸು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಆಗಲಿ ದೊರೆ. ತಣ್ಣಗಿರೋದೋ, ಹಾಗೇ ಇರೋದೋ, ಅಪ್ಪಣೆ ಕೊಡಿ’ ಅಂದರು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಇಲ್ಲಿಯ ಜನ ಬಹಳ ಮರ್ಯಾದಸ್ಥರು ಅಂತ ಅಮ್ಮನಿಗೆ ಮೆಸೇಜ್ ಕೂಡ ಹಾಕಿದೆ.

ನಾನು ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ಮನೆಯಲ್ಲಿ ಕನ್ನಡವೇ ಮಾತು. ಆದರೆ ಅಕ್ಷರ ಬರುತ್ತಿರಲಿಲ್ಲ. ಕನ್ನಡ ಕೂಟದವರು ಭಾನುವಾರ ಪಾಠ ಮಾಡುತ್ತಿದ್ದರು, ಅದೇ ಹೊತ್ತಿಗೆ ನನಗೆ ಸಾಕರ್ ಇರುತ್ತಿತ್ತು. ಹಾಸನದ ಅಜ್ಜಿಗೆ ಕಳಿಸುತ್ತಿದ್ದ ಮೆಸೇಜೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡ. ಅಜ್ಜಿಗೆ ಇಂಗ್ಲಿಷ್ ಬರಲ್ಲ. ಪಕ್ಕದ ಮನೆ ಹುಡುಗಿ ಓದಿ ಹೇಳುತ್ತಿದ್ದಳಂತೆ. ಇದು ನನಗೆ ಗೊತ್ತಾಗಿದ್ದೇ ತಡವಾಗಿ. ಗೊತ್ತಾದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆ ಭಾರತದ ಬೇರೆ ಬೇರೆ ಊರುಗಳಲ್ಲಿ ಭಾಷೆ ಕಲಿಸುತ್ತದೆ. ಹಿಂದಿಗೆ ಜೈಪುರ, ತಮಿಳಿಗೆ ಮಧುರೈ, ಕನ್ನಡಕ್ಕೆ ಮೈಸೂರು. ಅರ್ಜಿ ಹಾಕಿದೆ, ಸಿಕ್ಕಿತು. ಮಾತು ಹೇಗೂ ಬರುತ್ತೆ, ಅಕ್ಷರ ಕಲಿತರೆ ಆಯಿತು ಅಂದುಕೊಂಡು ವಿಮಾನ ಹತ್ತಿದೆ.

ಒಬ್ಬ ನಿವೃತ್ತ ಟೀಚರ್ ಮನೆ ಮಹಡಿಯಲ್ಲಿ ನಮಗೆ ರೂಮು. ನಮಗೆ ಅಂದರೆ ನನಗೆ ಮತ್ತು ನನ್ನ ಸಹಪಾಠಿಗೆ. ಅವನು ಬಿಳಿ ಹುಡುಗ, ಆರಡಿ ಎತ್ತರ. ಎರಡು ವರ್ಷ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದ. ‘ದಯವಿಟ್ಟು ನನಗೆ ಸ್ವಲ್ಪ ನೀರನ್ನು ಕೊಡುವಿರಾ?’ ಅನ್ನುತ್ತಿದ್ದ. ಕೇಳಿದವರ ಮುಖ ಅರಳುತ್ತಿತ್ತು. ಹೋಟೆಲಿನಲ್ಲಿ ಅವನಿಗೆ ಎರಡನೇ ಸಲ ಚಟ್ನಿ ತಾನಾಗಿ ಬರುತ್ತಿತ್ತು. ನಾನು ಅದೇ ಟೇಬಲ್ಲಿನಲ್ಲಿ ಕೂತು ‘ಚಟ್ನಿ ಹಾಕು’ ಅಂದರೆ ಸಪ್ಲೈಯರ್ ಕೇಳಿಸದವರ ಹಾಗೆ ಮುಂದೆ ಹೋಗುತ್ತಿದ್ದರು.

ಕಾಗದಪತ್ರದ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ಅವನದು ವಿದ್ಯಾರ್ಥಿ ವೀಸಾ. 180 ದಿನಕ್ಕಿಂತ ಜಾಸ್ತಿ ಇರುವವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಅದಕ್ಕೂ ಮೊದಲು ಮನೆ ಮಾಲೀಕರು ಇಂಥವರು ನಮ್ಮಲ್ಲಿ ಇಳಿದಿದ್ದಾರೆ ಅಂತ 24 ಗಂಟೆಯೊಳಗೆ ಒಂದು ಫಾರ್ಮ್ ತುಂಬಬೇಕು. ಟೀಚರ್ ಮಗ ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರ್ ಮುಂದೆ ಕೂತು ತುಂಬಿದ. ನನ್ನ ಹತ್ತಿರ ಓಸಿಐ ಕಾರ್ಡ್ ಇತ್ತು, ಭಾರತ ಮೂಲದ ವಿದೇಶಿಯರಿಗೆ ಕೊಡುವಂಥದ್ದು. ಅದಿದ್ದರೆ ನೋಂದಣಿ ಬೇಕಿಲ್ಲ. ಕಾಲು ಚಾಚಿ ಮಲಗಿದೆ.

ಮಾರನೇ ದಿನ ಸಿಮ್ ತರಲು ಹೋದಾಗ ಗರ್ವ ಇಳಿಯಿತು. ಅವನ ಪಾಸ್‌ಪೋರ್ಟ್, ವೀಸಾ ನೋಡಿ ಫೋಟೊ ಹಿಡಿದುಕೊಂಡು ಕೂರಿಸಿದರು. ನನ್ನ ಸರದಿ ಬಂತು. ‘ಆಧಾರ್?’ ‘ಇಲ್ಲ.’ ‘ಮನೇಲಿ ಬಿಟ್ಟು ಬಂದ್ರಾ?’ ‘ಇಲ್ಲ, ಇಲ್ಲವೇ ಇಲ್ಲ.’ ‘ಯಾವೂರು ನಿಮ್ದು?’ ‘ಹಾಸನ ಕಡೆ.’ ‘ಹಾಸನದಲ್ಲಿ ಆಧಾರ್ ಮಾಡಲ್ವಾ?’ ಅಮೆರಿಕದ ಪಾಸ್‌ಪೋರ್ಟ್ ತೋರಿಸಿದ ಮೇಲೂ ಅವರಿಗೆ ಅನುಮಾನ ಹೋಗಲಿಲ್ಲ. ಓಸಿಐ ಇದ್ದವರೂ ಆಧಾರ್ ಮಾಡಿಸಬಹುದು, ಆದರೆ ಅದಕ್ಕೆ 182 ದಿನ ಇಲ್ಲೇ ವಾಸ ಆಗಿರಬೇಕು. ಅಷ್ಟರಲ್ಲಿ ನನ್ನ ಕೋರ್ಸೇ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಬರುವವರಿಗೆ ಒಂದು ಮಾತು: ಮೊದಲ ದಿನವೇ ಸಿಮ್ ಕೆಲಸ ಹಿಡಿಯಿರಿ. ಇಲ್ಲಿ ನಂಬರ್ ಇಲ್ಲದಿದ್ದರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ಊಟವೂ ಬರಲ್ಲ, ಆಟೊವೂ ಬರಲ್ಲ.

ಇನ್ನೊಂದು ಪೇಚು ಯುಪಿಐದು. ಎಳನೀರಿನವರ ತಳ್ಳುಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ. ನನಗೆ ಇಲ್ಲಿಯ ಬ್ಯಾಂಕ್ ಖಾತೆ ಇರಲಿಲ್ಲ. 500ರ ನೋಟು ಕೊಟ್ಟರೆ ‘ಚಿಲ್ರೆ ಇಲ್ಲ, ಸ್ಕ್ಯಾನ್ ಮಾಡಿ’ ಅನ್ನುತ್ತಾರೆ. ಕೊನೆಗೆ ಟೀಚರೇ ದಾರಿ ಹುಡುಕಿದರು. ಹಾಲು, ತರಕಾರಿ, ಇಸ್ತ್ರಿ ಎಲ್ಲದಕ್ಕೂ ಅವರ ಫೋನಿಂದ ಕೊಡೋದು, ನಾನು ವಾರಕ್ಕೊಮ್ಮೆ ನಗದು ಕೊಡೋದು. ಆದರೆ ಒಂದು ಷರತ್ತು ಹಾಕಿದರು. ಲೆಕ್ಕ ನಾನೇ ಬರೆಯಬೇಕು, ಕನ್ನಡದಲ್ಲಿ.

ನಲವತ್ತು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಸಾಲು: ‘ಹಾಳು – 24 ರೂ.’

ಟೀಚರ್ ಕನ್ನಡಕ ಏರಿಸಿಕೊಂಡು ನೋಡಿದರು. ‘ಇಪ್ಪತ್ನಾಲ್ಕು ರೂಪಾಯಿ ಹಾಳು. ಬಿಡಪ್ಪಾ, ಒಂದು ಲೆಕ್ಕಕ್ಕೆ ಸರೀನೇ ಬರೆದಿದ್ದೀಯ’ ಅಂದರು. ಲ, ಳ ಎರಡೂ ನನ್ನ ಕಿವಿಗೆ ಒಂದೇ. ಆ ವಾರದ ಲೆಕ್ಕದಲ್ಲಿ ಬೇಳೆ ಬೇಲೆ ಆಗಿತ್ತು, ಬಾಳೆಹಣ್ಣು ಬಾಲೆಹಣ್ಣು ಆಗಿತ್ತು. ಅಕ್ಕಿಗೆ ಒತ್ತೇ ಇರಲಿಲ್ಲ. ಮೂವತ್ತು ವರ್ಷ ಪ್ರೈಮರಿ ಮಕ್ಕಳ ಕಾಪಿ ತಿದ್ದಿದ ಕೈ ಅದು, ಕೆಂಪು ಪೆನ್ನು ಹೊರಗೆ ಬಂತು. ತಪ್ಪಾದ ಪ್ರತಿ ಪದಕ್ಕೂ ಹತ್ತು ಸಲ ಬರೆಯೋದು. ಕ್ಲಾಸಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಪಾಠ ಇತ್ತು, ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ಆದರೂ ನನಗೆ ಳ ಹತ್ತಿಸಿದ್ದು ಹಾಲಿನ ಲೆಕ್ಕ.

ಬಸ್ಸಿನ ಬೋರ್ಡು ಓದುವುದು ಇನ್ನೊಂದು ಪರೀಕ್ಷೆ. ಕು, ವೆಂ, ಪು, ನ ಅಂತ ಒಂದೊಂದೇ ಅಕ್ಷರ ಜೋಡಿಸಿ ‘ಕುವೆಂಪುನಗರ’ ಅಂತ ಮುಗಿಸುವಷ್ಟರಲ್ಲಿ ಬಸ್ಸು ಸಿಗ್ನಲ್ ದಾಟಿರುತ್ತಿತ್ತು. ಚಾಮುಂಡಿ ಬೆಟ್ಟದ 201 ಮಾತ್ರ ನಂಬರ್ ನೋಡಿ ಹತ್ತುತ್ತಿದ್ದೆ. ದಸರಾ ಹೊತ್ತಿಗೆ ಅಂಗಡಿ ಬೋರ್ಡುಗಳನ್ನು ಬಸ್ಸಿನಲ್ಲಿ ಕೂತೇ ಓದಲು ಬಂತು. ಆ ಖುಷಿ ಹೇಳಿದರೆ ಇಲ್ಲಿಯವರಿಗೆ ಅರ್ಥ ಆಗಲ್ಲ. ಹೊಟ್ಟೆ ಕೆಟ್ಟದ್ದು, ಗೀಸರ್ ಸ್ವಿಚ್ ಹಾಕಲು ಮರೆತು ತಣ್ಣೀರು ಸುರಿದುಕೊಂಡದ್ದು, ಇವೆಲ್ಲ ಎಲ್ಲರಿಗೂ ಆಗುವಂಥದ್ದೇ. ಮಜ್ಜಿಗೆ ಅನ್ನ, ಎರಡು ದಿನ ನಿದ್ದೆ, ಅಷ್ಟೆ.

‘ದೊರೆ’ ವಿಷಯ ಬಿಡಿಸಿ ಹೇಳಿದ್ದು ಕ್ಲಾಸಿನ ಮೇಡಂ. ನಾನು ಅವರಿಗೂ ‘ಇನ್ನೊಂದ್ಸಲ ಹೇಳು’ ಅಂದಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ನಿಮ್ಮನೇಲಿ ನಿಮ್ಮನ್ನ ಹೇಗೆ ಕರೀತಾರೆ?’ ಅಂತ ಕೇಳಿದರು. ಬಾ, ಕೂತ್ಕೋ, ತಿನ್ನು, ಮಲಕ್ಕೋ. ನಾನು ಅಮ್ಮನಿಗೆ? ಬಾ, ಕೊಡು, ಹಾಕು. ಹೌದಲ್ವಾ! ಇಪ್ಪತ್ತೊಂದು ವರ್ಷ ನಾನು ಆಡಿದ್ದು, ಕೇಳಿದ್ದು ಇಷ್ಟೇ. ಬನ್ನಿ, ಕೊಡಿ ಅನ್ನುವುದು ಅಪ್ಪ ಅಮ್ಮ ನೆಂಟರ ಹತ್ತಿರ ಆಡುವ ಮಾತು, ನನ್ನ ಬಾಯಿಗೆ ಬಂದೇ ಇರಲಿಲ್ಲ. ಅಂಗಡಿಯವರು, ಸಪ್ಲೈಯರ್, ಕಂಡಕ್ಟರ್, ಆಟೊದವರು, ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಿದ್ದೆ. ಮುಖ ನೋಡಿದರೆ ಇಲ್ಲಿಯವನೇ. ಹೊರದೇಶದವನು, ಪಾಪ, ಅಂತ ಬಿಡುವ ಹಾಗೂ ಇಲ್ಲ. ಕೊಬ್ಬು ಅಂದುಕೊಂಡಿರುತ್ತಾರೆ, ತಪ್ಪೇನಿಲ್ಲ.

ಒಂದು ವಾರ ಎಲ್ಲರಿಗೂ ಬಹುವಚನ ಅಂತ ವ್ರತ ಹಿಡಿದೆ. ಟೀಚರ್ ಮೊಮ್ಮಗನಿಗೆ ಎಂಟು ವರ್ಷ, ಅವನಿಗೂ ‘ಬನ್ನಿ, ಆಟ ಆಡೋಣ’ ಅಂದೆ. ಬಿದ್ದು ಬಿದ್ದು ನಕ್ಕ. ಅಡ್ಡ ಬಂದ ಬೀದಿ ನಾಯಿಗೆ ‘ಹೋಗಿ’ ಅಂದೆ. ಆಮೇಲೆ ನೋಡಿದರೆ ದೇವರಿಗೆ ನೀನು, ಗೆಳೆಯನಿಗೆ ನೀನು, ಕೆಲವರ ಮನೆಯಲ್ಲಿ ಅಮ್ಮನಿಗೆ ನೀನು ಆದರೆ ಅಪ್ಪನಿಗೆ ನೀವು. ಇದಕ್ಕೆ ಪಟ್ಟಿ ಇಲ್ಲ, ಬಾಯಲ್ಲೇ ರೂಢಿ ಆಗಬೇಕು. ಪೆಟ್ಟಿಗೆ ಅಂಗಡಿಗೆ ಹೋಗಿ ‘ಒಂದು ಬಾಟ್ಲಿ ನೀರು ಕೊಡಿ’ ಅಂದಾಗ ಅವರು ಸುಮ್ಮನೆ ಬಾಟ್ಲಿ ಎತ್ತಿ ಕೊಟ್ಟರು. ದೊರೆ ಪಟ್ಟ ಹೋಯಿತು.

ಒಂದು ದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗಿದ್ದೆವು. ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ ಜಾಗ ಅದು. 1909ರಲ್ಲಿ ಅಚ್ಚಾಯಿತು. ಭಾಷೆ ಸಂಸ್ಕೃತ, ಬರೆದದ್ದು ಗ್ರಂಥ ಲಿಪಿಯಲ್ಲಿ. ಎಲ್ಲರೂ ಕೌಟಿಲ್ಯನ ಬಗ್ಗೆ ಮಾತಾಡುತ್ತಿದ್ದರು. ನನಗೆ ನೆನಪಾದದ್ದು ಅಜ್ಜಿಗೆ ಓದಿ ಹೇಳುತ್ತಿದ್ದ ಪಕ್ಕದ ಮನೆ ಹುಡುಗಿ. ಅವತ್ತು ರಾತ್ರಿ ಅಜ್ಜಿಗೆ ಒಂದೂವರೆ ಪುಟ ಕಾಗದ ಬರೆದೆ, ಕೈಯಲ್ಲೇ. ಎರಡು ಗಂಟೆ ಹಿಡಿಯಿತು. ಅಜ್ಜಿ ಫೋನ್ ಮಾಡಿ, ‘ಅಕ್ಷರ ನಿಮ್ಮಪ್ಪನಿಗಿಂತ ವಾಸಿ. ಆದ್ರೆ ಅದ್ಯಾಕೋ ಅಜ್ಜಿಗೆ ಒತ್ತು ಹಾಕಿಲ್ಲ?’ ಅಂದರು.

ಎಂಟು ತಿಂಗಳು ಮುಗಿಸಿ ವಾಪಸ್ ಹೋದೆ. ನೆವಾರ್ಕ್‌ನಲ್ಲಿ ಇಳಿದು ಮನೆ ತಲುಪಿದಾಗ ರಾತ್ರಿ. ಊಟಕ್ಕೆ ಕೂತೆ. ಅನ್ನ, ಹುಳಿ, ಹಪ್ಪಳ. ‘ಅಮ್ಮ, ಸ್ವಲ್ಪ ನೀರು ಕೊಡಿ’ ಅಂದೆ.

ಅಮ್ಮ ಸೌಟು ಹಿಡಿದೇ ತಿರುಗಿದಳು.

‘ಯಾಕೋ? ನನ್ಮೇಲೆ ಕೋಪಾನಾ?’