ಸೀಟಿಯ ಭಯ, ಬಾಳ್ಳುಪೇಟೆ ಸ್ಟಾಪು

ಹಾಸನದಲ್ಲಿ ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗೆ ಥೆರಪಿ ಕೊಡುವುದು ನನ್ನ ಕೆಲಸ. ಬರುವ ಅಪ್ಪ ಅಮ್ಮ ಮೊದಲು ಹೇಳುವುದು 'ಬಹಳ ಹಠ ಮೇಡಂ' ಅಂತ. ಶಾಲೆಗೆ ಹೊರಡುವಾಗ ಹೊಟ್ಟೆನೋವು, ಯಾರಾದರೂ ಬಂದರೆ ಕಚ್ಚುವುದು, ಕಿರುಚುವುದು. ಎಷ್ಟೋ ಸಲ ಅದು ಹಠ ಅಲ್ಲ, ಭಯ. ಆದರೂ ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿಕೊಂಡು ಬನ್ನಿ ಅನ್ನುತ್ತೇನೆ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಕೂಡ. ನೋವನ್ನು ಹೇಳಲು ಬಾರದ ಮಗುವೂ ಹೀಗೇ ಆಡುತ್ತದೆ ಅಲ್ವಾ?

ಆತಂಕಕ್ಕೆ ಕೊಡುವ ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಥೆರಪಿಯಲ್ಲಿ, ಮಾತು ಜಾಸ್ತಿ. 'ನಿನ್ನ ಯೋಚನೆ ನಿಜವಾ, ನೋಡು' ಅಂದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಮಾತು ಇಳಿಸಿ, ಭಯದ ಹತ್ತಿರ ಸ್ವಲ್ಪಸ್ವಲ್ಪವೇ ಹೋಗುವ ಭಾಗವನ್ನು ಹಿಡಿದುಕೊಂಡೆ.

ಸಕಲೇಶಪುರ ಕಡೆಯ ಒಬ್ಬ ಹುಡುಗ. ತೋಟಕ್ಕೆ ಬಂದ ಆನೆ ಓಡಿಸಲು ಪಟಾಕಿ ಹೊಡೆದ ಮೇಲೆ ಕುಕ್ಕರ್ ಸೀಟಿಗೂ ನಡುಗುತ್ತಿದ್ದ. ಆನೆಯ ಭಯ ಇರಲಿ, ಅದು ಬೇಕು. ನಾವು ಕೈ ಹಾಕಿದ್ದು ಸೀಟಿಗೆ ಮಾತ್ರ.

ಅವನಿಗೆ ಬಸ್ ಅಂದರೆ ಪ್ರಾಣ. ಹಾಸನದಿಂದ ಸಕಲೇಶಪುರದವರೆಗೆ ರಸ್ತೆ ಬರೆದು, ಒಂದೊಂದು ಹೆಜ್ಜೆಯನ್ನೂ ಒಂದು ಸ್ಟಾಪ್ ಮಾಡಿದೆವು. ತಣ್ಣನೆಯ ಕುಕ್ಕರ್ ಮುಟ್ಟಿದರೆ ಪಾಳ್ಯ. ಫೋನಿನಲ್ಲಿ ರೆಕಾರ್ಡ್ ಮಾಡಿದ ಸೀಟಿ ಕೇಳಿದರೆ ಬಾಳ್ಳುಪೇಟೆ. ವಾಲ್ಯೂಮ್ ಬಟನ್ ಅವನ ಕೈಯಲ್ಲೇ. ಆಮೇಲೆ ನಿಜವಾದ ಸೀಟಿ: ಮೊದಲು ಅಂಗಳದಿಂದ, ನಂತರ ನಡುಮನೆಯಿಂದ, ಕೊನೆಗೆ ಅಡುಗೆಮನೆ ಬಾಗಿಲಲ್ಲಿ.

ಭಯ ಎಷ್ಟು ಅಂತ 1ರಿಂದ 10ರವರೆಗೆ ಅಂಕ ಕೇಳುವುದಿಲ್ಲ. ಹಸಿರು, ಹಳದಿ, ಕೆಂಪು, ಮೂರೇ ಮುಖದ ಕಾರ್ಡು. ಹಸಿರು ತೋರಿಸುವವರೆಗೂ ಅದೇ ಸ್ಟಾಪ್. ಒಂದು ಸಲಕ್ಕೆ ಸುಮಾರು 20 ನಿಮಿಷ ಸಾಕು. ಉಸಿರಾಟ ಕಲಿಸಲು 'ಬಿಸಿ ಕಾಫಿ ಊದೋ ಹಾಗೆ ಊದು' ಅಂದರೆ ತಕ್ಷಣ ಮಾಡುತ್ತಾರೆ.

ನಿಜವಾದ ಥೆರಪಿಸ್ಟ್ ಅಮ್ಮನೇ. ದಿನಾ ಮನೆಯಲ್ಲಿ ಮಾಡಿಸುವವರು ಅವರು. ಕಷ್ಟ ಬರುವುದು 'ಪಾಪ, ಬಿಡಿ' ಅಂತ ಓಡಿಹೋಗಿ ಒಲೆ ಆರಿಸುವ ಅಜ್ಜಿಯಿಂದ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪ್ರತಿ ಸಲ ತಪ್ಪಿಸಿದರೆ ಸೀಟಿ ನಿಜಕ್ಕೂ ಅಪಾಯ ಅಂತ ಮಗು ಕಲಿಯುತ್ತದೆ. ಅದಕ್ಕೇ ಅಜ್ಜಿಯನ್ನೂ ಕರೆಸಿ ಕೂರಿಸಿಕೊಳ್ಳುತ್ತೇನೆ. ಸ್ಟಾಪ್ ದಾಟಿದಾಗ ಟಿಕೆಟ್ ಹರಿದು ಕೊಡುವ ಕೆಲಸ ಅವರದ್ದೇ.

ಮನೆಯ ಕುಕ್ಕರಿಗೆ ಹೆದರದ ಮಗು ಶಾಲೆಯ ಬಿಸಿಯೂಟದ ದೊಡ್ಡ ಕುಕ್ಕರಿಗೆ ಹೆದರಬಹುದು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗೇ ಹೋಗುವುದಿಲ್ಲ. ಹಾಗಾಗಿ ಕಾರ್ಡುಗಳ ಇನ್ನೊಂದು ಸೆಟ್ ಟೀಚರ್ ಕೈಗೆ ಕೊಟ್ಟು, ಅಲ್ಲಿಯೂ ಮೊದಲ ಸ್ಟಾಪಿನಿಂದಲೇ ಶುರು ಮಾಡಿಸುತ್ತೇನೆ.