ಎಂಬಿಎ ಸೀಟಿನ ಲೆಕ್ಕ: ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ತೆಗೆಯಿರಿ

ಹಾಸನ, ಚಿಕ್ಕಮಗಳೂರಿನ ಕಡೆ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಬೇಕು ಅಂದವರು ಮೊದಲು ಕೋಚಿಂಗ್ ಎಲ್ಲಿ ಅಂತ ಕೇಳುತ್ತಾರೆ. ಅದಕ್ಕೂ ಮೊದಲಿನ ಕೆಲಸ ಒಂದಿದೆ: ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಇವು ಇನ್ನು ಬದಲಾಗುವುದಿಲ್ಲ, ಆದರೆ ದೊಡ್ಡ ಐಐಎಂಗಳು (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್) ಇಂಟರ್ವ್ಯೂಗೆ ಕರೆಯುವಾಗ ಇವನ್ನೂ ತೂಗುತ್ತವೆ.

ತೂಗುವ ರೀತಿ ಒಂದೊಂದು ಕಡೆ ಒಂದೊಂದು ಥರ. ಅಹಮದಾಬಾದ್ ಐಐಎಂನ ನೀತಿಯಲ್ಲಿ ಅಂಕಗಳಿಗೆ ಮೆಟ್ಟಿಲುಗಳಿವೆ: ಹತ್ತನೇ ತರಗತಿಯಲ್ಲಿ 70ರಿಂದ 80 ಪರ್ಸೆಂಟ್‌ವರೆಗೆ 5 ಪಾಯಿಂಟ್, 80 ದಾಟಿದರೆ 8, 90 ದಾಟಿದರೆ 10. ಅಂದರೆ 79.8 ಬಂದವರಿಗೂ 80.2 ಬಂದವರಿಗೂ ಮೂರು ಪಾಯಿಂಟ್ ಅಂತರ, 81 ಬಂದವರಿಗೂ 89 ಬಂದವರಿಗೂ ಅಂತರವೇ ಇಲ್ಲ. ಬೆಂಗಳೂರು ಐಐಎಂ ಬೋರ್ಡ್‌ವಾರು ಸರಿದೂಗಿಸುತ್ತದೆ. ನಿಮ್ಮ ಬೋರ್ಡಿನಿಂದ ಅರ್ಜಿ ಹಾಕಿದವರ 90ನೇ ಪರ್ಸೆಂಟೈಲ್ ಅಂಕದಿಂದ (ನೂರರಲ್ಲಿ ತೊಂಬತ್ತು ಜನ ಇದಕ್ಕಿಂತ ಕೆಳಗಿರುವ ಅಂಕ) ನಿಮ್ಮ ಅಂಕವನ್ನು ಭಾಗಿಸುತ್ತದೆ. ಹಾಗಾಗಿ ಸಿಬಿಎಸ್‌ಇಯವರ 95 ನೋಡಿ ಸ್ಟೇಟ್ ಸಿಲೆಬಸ್‌ನವರು ಎದೆಗುಂದಬೇಕಿಲ್ಲ. ಪ್ರತಿ ಐಐಎಂ ತನ್ನ ಪ್ರವೇಶ ನೀತಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಆ ವರ್ಷದ್ದನ್ನೇ ಇಳಿಸಿಕೊಂಡು, ನಿಮ್ಮ ಅಂಕ ಹಾಕಿ, ನೀವೇ ಕೂಡಿಸಿ. ಸಿಜಿಪಿಎಯನ್ನು ಪರ್ಸೆಂಟ್ ಮಾಡುವಾಗ ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ. ಗೆಳೆಯ ಹೇಳಿದ ಸೂತ್ರ ಹಾಕಿದರೆ ದಾಖಲೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ.

ಹಾಳೆಯಲ್ಲಿ ಎಲ್ಲಿ ಹಿಂದೆ ಬಿದ್ದಿದ್ದೀರಿ ಅಂತ ಕಂಡ ಮೇಲೆ ಪರ್ಸೆಂಟೈಲ್ ಗುರಿ ಇಟ್ಟುಕೊಳ್ಳಿ. ಸುಮಾರು 3 ಲಕ್ಷ ಜನ ಬರೆಯುವ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಅಂದರೆ ಮೊದಲ 3,000 ಜನರೊಳಗೆ ಬಂದಂತೆ. ನೀತಿಯಲ್ಲಿ ಬರೆದ ಕನಿಷ್ಠ ಪರ್ಸೆಂಟೈಲ್ ಬರೀ ಹೊಸ್ತಿಲು; ಸಾಮಾನ್ಯ ವರ್ಗದವರಿಗೆ ಹಳೆಯ ದೊಡ್ಡ ಐಐಎಂಗಳಿಂದ ಕರೆ ಬರುವುದು ಬಹುಮಟ್ಟಿಗೆ 99ರ ಆಸುಪಾಸಿನಲ್ಲೇ. ಇಂಗ್ಲಿಷ್, ಡೇಟಾ ಮತ್ತು ಲಾಜಿಕ್, ಗಣಿತ ಈ ಮೂರು ವಿಭಾಗಗಳಿಗೂ ಬೇರೆ ಬೇರೆ ಕಟ್‌ಆಫ್ ಉಂಟು. ಗಣಿತದಲ್ಲಿ ಗಳಿಸಿದ್ದು ಇಂಗ್ಲಿಷಿನ ಕೊರತೆ ತುಂಬುವುದಿಲ್ಲ.

ನಮ್ಮ ಕಡೆಯ ಎಂಜಿನಿಯರಿಂಗ್ ಹುಡುಗರು ಎಡವುವುದು ಅಲ್ಲೇ. 2024ರ ಕ್ಯಾಟ್‌ನಲ್ಲಿ ಇಂಗ್ಲಿಷ್ ವಿಭಾಗದ 24 ಪ್ರಶ್ನೆಗಳಲ್ಲಿ 16 ಗದ್ಯಭಾಗ ಓದಿ ಉತ್ತರಿಸುವಂಥವು. ಪದಪಟ್ಟಿ ಉರು ಹೊಡೆದರೆ ಇಲ್ಲಿ ಲಾಭವಿಲ್ಲ. ದಿನಕ್ಕೊಂದು ಉದ್ದದ ಇಂಗ್ಲಿಷ್ ಪ್ರಬಂಧ ಓದಿ, ಮುಚ್ಚಿಟ್ಟು, ಲೇಖಕರು ಹೇಳಿದ್ದೇನು ಅಂತ ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ. ಬರೆಯಲು ಬರದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಡೇಟಾ ಮತ್ತು ಲಾಜಿಕ್ ವಿಭಾಗದಲ್ಲಿ ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಎಲ್ಲ ಸೆಟ್‌ಗಳನ್ನೂ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ನೋಡಿ, ಬಿಡಬೇಕಾದದ್ದನ್ನು ಗುರುತಿಸಿ. ಹಠ ಹಿಡಿದು ಒಂದೇ ಸೆಟ್‌ಗೆ 20 ನಿಮಿಷ ಸುರಿದರೆ ಆ ವಿಭಾಗದ 40 ನಿಮಿಷದಲ್ಲಿ ಅರ್ಧ ಹೋಯಿತು. ಸರಿ ಉತ್ತರಕ್ಕೆ 3, ತಪ್ಪಿಗೆ ಮೈನಸ್ 1. ಆಯ್ಕೆಗಳಿಲ್ಲದೆ ಟೈಪ್ ಮಾಡುವ ಪ್ರಶ್ನೆಗೆ ಮೈನಸ್ ಇಲ್ಲ, ಅದನ್ನು ಖಾಲಿ ಬಿಡಬೇಡಿ. ಮಾಕ್ ಟೆಸ್ಟ್ ಎರಡು ಗಂಟೆ ಬರೆದರೆ ತಪ್ಪು ಹುಡುಕಲು ನಾಲ್ಕು ಗಂಟೆ ಕೊಡಿ. ಇಲ್ಲದಿದ್ದರೆ ಮೂವತ್ತು ಮಾಕ್ ಬರೆದರೂ ಅದೇ ಅಂಕ.

ಕೆಲಸದ ಅನುಭವ ಇನ್ನೂ ನಿಮ್ಮ ಕೈಯಲ್ಲಿರುವ ವಿಷಯ. ಸಾಮಾನ್ಯವಾಗಿ ಡಿಗ್ರಿ ಮುಗಿದ ಮೇಲಿನ ಪೂರ್ಣಾವಧಿ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದೂ ದಾಖಲೆ ಇದ್ದರೆ. ಮನೆಯ ಕಾಫಿ ತೋಟ ನೋಡಿಕೊಂಡವರು ಇದನ್ನು ಮರೆಮಾಚುತ್ತಾರೆ, ಯಾಕೋ ಗೊತ್ತಿಲ್ಲ. ‘ಅಪ್ಪನ ತೋಟದಲ್ಲಿದ್ದೆ’ ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ ನಿಜ. ಎಷ್ಟು ಎಕರೆ, ಕೊಯ್ಲಿಗೆ ಎಷ್ಟು ಆಳು, ಎಕರೆಗೆ 50 ಕೆಜಿಯ ಎಷ್ಟು ಮೂಟೆ ಬರುತ್ತಿತ್ತು, ನೀವು ಬಂದ ಮೇಲೆ ಏನು ಬದಲಾಯಿತು, ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಬಿಟ್ಟು ಪಾರ್ಚ್‌ಮೆಂಟ್ (ತಿರುಳು ತೆಗೆದು ತೊಳೆದು ಒಣಗಿಸಿದ್ದು) ಮಾಡಿದ್ದರಿಂದ ತಿರುಳು ತೆಗೆಯುವ ಪಲ್ಪರ್‌ಗೆ, ನೀರಿಗೆ ಖರ್ಚಾಗಿ ಕೊನೆಗೆ ಉಳಿದದ್ದೆಷ್ಟು ಅಂತ ಬರೆಯಿರಿ. ಮಾರಾಟದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿಟ್ಟುಕೊಳ್ಳಿ. ಇಂಟರ್ವ್ಯೂನಲ್ಲಿ ಈ ಸಾಲಿನ ಮೇಲೇ ಪ್ರಶ್ನೆಗಳು ಬೀಳುತ್ತವೆ. ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿ ಮಾರಿದ ಕಾಫಿಯ ಆದಾಯದಲ್ಲಿ 25 ಪರ್ಸೆಂಟ್‌ಗೆ ಆದಾಯ ತೆರಿಗೆ ಬರುತ್ತದೆ ಎಂಬಷ್ಟು ತೋಟದ ಮಗನಿಗೆ, ಮಗಳಿಗೆ ಗೊತ್ತಿರಬೇಕು.

ವಿದೇಶದ ಶಾಲೆ ಅಥವಾ ಹೈದರಾಬಾದಿನ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಗುರಿಯಾದರೆ ಜಿಮ್ಯಾಟ್ ಎಂಬ ಇನ್ನೊಂದು ಪ್ರವೇಶ ಪರೀಕ್ಷೆ ನೋಡಿ. ಈಗಿನ ಜಿಮ್ಯಾಟ್‌ನಲ್ಲಿ 45 ನಿಮಿಷದ ಮೂರು ವಿಭಾಗ, ಸ್ಕೋರು 205ರಿಂದ 805, ಐದು ವರ್ಷ ಚಾಲ್ತಿ. ಹಳೆಯ ಪರೀಕ್ಷೆಯ 700ಕ್ಕೆ ಈಗಿನ 645 ಸಮ, ಹಾಗಾಗಿ ಹಳೆಯ ಪುಸ್ತಕದ ಗುರಿ ಇಟ್ಟುಕೊಂಡು ಕಂಗೆಡಬೇಡಿ. ಶಿಫಾರಸು ಪತ್ರವನ್ನು ನಿಮ್ಮ ಕೆಲಸವನ್ನು ದಿನಾ ನೋಡುವ ಮೇಲಧಿಕಾರಿಯಿಂದಲೇ ಬರೆಸಿ. ಶಾಸಕರ ಲೆಟರ್‌ಹೆಡ್ಡಿಗೆ ಅಲ್ಲಿ ಬೆಲೆಯಿಲ್ಲ.

ಮೀಸಲಾತಿಯವರು ಒಂದು ವಿಷಯ ಗಮನಿಸಿ. 2ಎ, 3ಎ ಎಂಬ ನಮ್ಮ ರಾಜ್ಯದ ಪ್ರಮಾಣಪತ್ರ ಐಐಎಂಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಿ, ಕೇಂದ್ರದ ನಮೂನೆಯ ಕೆನೆಪದರರಹಿತ ಪ್ರಮಾಣಪತ್ರವನ್ನೇ ಕೇಳಿ ಪಡೆಯಿರಿ. ಅದು ಆ ಆರ್ಥಿಕ ವರ್ಷದ್ದಿರಬೇಕು. ಏಪ್ರಿಲ್ ಕಳೆದ ಕೂಡಲೇ ಅರ್ಜಿ ಹಾಕಿದರೆ ಆಗಸ್ಟ್‌ನಲ್ಲಿ ನೋಂದಣಿ ಶುರುವಾಗುವಾಗ ಕೈಯಲ್ಲಿರುತ್ತದೆ.

ಪರೀಕ್ಷೆ ಸಾಮಾನ್ಯವಾಗಿ ನವೆಂಬರ್‌ನ ಕೊನೆಯ ಭಾನುವಾರ, ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೇ. ಕಣದ ಕೆಲಸಕ್ಕೆ ಬೇರೆಯವರನ್ನು ಈಗಲೇ ಗೊತ್ತುಮಾಡಿಡಿ. ಬೆಳಗಿನ ಪಾಳಿ 8.30ಕ್ಕೆ. ಕೇಂದ್ರ ಮಂಗಳೂರಿಗೋ ಬೆಂಗಳೂರಿಗೋ ಬಿದ್ದರೆ ದಾರಿಯ ಮಂಜಿನಲ್ಲಿ ಆ ದಿನವೇ ಹೊರಟು ಮುಟ್ಟುತ್ತೇನೆ ಅನ್ನಬೇಡಿ. ಶನಿವಾರ ಮಧ್ಯಾಹ್ನದ ಬಸ್ಸಿಗೇ ಹೊರಡಿ.