ಅಂಗೈಯಗಲದ ಆಮ್‌ಸ್ಟರ್‌ಡ್ಯಾಮ್: ಒಂದು ಎಚಿಂಗ್ ನಕಲು

ಡಚ್ ಕಲಾವಿದ ರೆಂಬ್ರಾಂಟ್ 1640ರ ಸುಮಾರಿಗೆ ಎಚಿಂಗಿನಲ್ಲಿ, ಅಂದರೆ ತಾಮ್ರದ ತಗಡಿನ ಗೆರೆಗಳನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ವಿಧಾನದಲ್ಲಿ, ಮಾಡಿದ ಆಮ್‌ಸ್ಟರ್‌ಡ್ಯಾಮ್ ನೋಟ ಹೆಚ್ಚೂಕಡಿಮೆ 11.2 × 15.3 ಸೆಂ.ಮೀ. ಕೆಳಗೆ ಜೌಗುನೆಲ, ನಡುವೆ ಗೋಪುರ, ಗಾಳಿಗಿರಣಿಗಳ ತೆಳು ಪಟ್ಟಿ, ಮೇಲೆ ಬರೀ ಆಕಾಶ. ನಕಲು ಮಾಡುವವರನ್ನು ಕಾಡುವುದು ಗೋಪುರಗಳಲ್ಲ, ಆ ಖಾಲಿ ಆಕಾಶ. ಅಲ್ಲಿ ಒಂದು ಚುಕ್ಕೆ ಬಿದ್ದರೂ ಮುಚ್ಚಿಡಲು ಜಾಗವಿಲ್ಲ.

ನಾನು ಬಳಸಿದ್ದು 1.2 ಮಿ.ಮೀ. ದಪ್ಪದ ತಾಮ್ರದ ತಗಡು. ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜದಿದ್ದರೆ ಪ್ರೆಸ್ಸಿನಲ್ಲಿ ಕಾಗದ ಹರಿಯುತ್ತದೆ. ಸೀಮೆಸುಣ್ಣದ ಪುಡಿ, ಸ್ವಲ್ಪ ಅಮೋನಿಯಾ ಹಾಕಿ ಜಿಡ್ಡು ತೆಗೆದೆ. ನೀರು ಹನಿಗಟ್ಟದೆ ಇಡೀ ತಗಡಿನ ಮೇಲೆ ಹರಡಿ ನಿಲ್ಲುವವರೆಗೂ ಉಜ್ಜಬೇಕು. ಜಿಡ್ಡು ಉಳಿದ ಕಡೆ ಗ್ರೌಂಡ್ (ಆಮ್ಲ ತಾಗದಂತೆ ತಗಡಿಗೆ ಹಚ್ಚುವ ಮೇಣದ ಪದರ) ಹಿಡಿಯದು, ಆಕಾಶದ ಚುಕ್ಕೆಗಳು ಹುಟ್ಟುವುದೇ ಅಲ್ಲಿಂದ. ಗ್ರೌಂಡಿಗೆ ಜೇನುಮೇಣ 2 ಪಾಲು, ಬಿಟುಮೆನ್ 2, ರಾಳ 1. ಬಿಸಿ ತಗಡಿನ ಮೇಲೆ ರೋಲರಿನಿಂದ ತೆಳ್ಳಗೆ ಹರಡಿ, ಮೇಣದ ಬತ್ತಿಯ ಹೊಗೆ ಹಿಡಿಸಿದೆ. ಕಪ್ಪು ಹೊಳೆದರೆ ಸರಿ. ಮಂಕಾದರೆ ಸುಟ್ಟಿದೆ ಎಂದರ್ಥ, ಅಳಿಸಿ ಮತ್ತೆ ಹಾಕುವುದೇ ಲೇಸು.

ರೆಂಬ್ರಾಂಟನ ಅಚ್ಚಿನಲ್ಲಿ ಊರು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆ. ಅದನ್ನು ಹಾಗೇ ತಗಡಿಗೆ ಇಳಿಸಿದರೆ ನಿಮ್ಮ ಅಚ್ಚಿನಲ್ಲಿ ನಿಜವಾದ ಆಮ್‌ಸ್ಟರ್‌ಡ್ಯಾಮ್ ಮೂಡುತ್ತದೆ! ಮೂಲದಂತೆಯೇ ಬೇಕಿದ್ದರೆ ಟ್ರೇಸಿಂಗ್ ಹಾಳೆ ಮಗುಚಿಡಿ. ಸೂಜಿ ತಾಮ್ರ ಕಾಣಿಸುವಷ್ಟೇ ಗೀಚಲಿ, ಅಗೆಯುವುದು ಆಮ್ಲದ ಕೆಲಸ.

ಕಚ್ಚಿಸಲು, ಅಂದರೆ ಗೀಚಿದ ಕಡೆ ತಾಮ್ರವನ್ನು ತಿನ್ನಿಸಲು, ಆಮ್ಲದ ಬದಲು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಫೆರಿಕ್ ಕ್ಲೋರೈಡ್ ಸಾಕು. ಪುಡಿಯಾದರೆ ನೀರಿಗೆ ಪುಡಿಯನ್ನೇ ಸ್ವಲ್ಪಸ್ವಲ್ಪ ಹಾಕಿ, ಪುಡಿಗೆ ನೀರು ಸುರಿಯಬೇಡಿ, ವಿಪರೀತ ಕಾಯುತ್ತದೆ. ಗೆರೆಯೊಳಗೆ ಗಸಿ ನಿಲ್ಲದಂತೆ ತಗಡನ್ನು ಬೋರಲಾಗಿ ದ್ರಾವಣದಲ್ಲಿ ಇಳಿಬಿಟ್ಟೆ. ಎಲ್ಲವನ್ನೂ ಮೊದಲು 8 ನಿಮಿಷ. ತೊಳೆದು ಒಣಗಿಸಿ, ದೂರದ ಗೋಪುರಗಳಿಗೆ ವಾರ್ನಿಷ್ ಬಳಿದು ಮುಚ್ಚಿ, ಮತ್ತೆ 12 ನಿಮಿಷ. ನಡುವಿನ ಭಾಗ ಮುಚ್ಚಿ, ಮುಂದಿನ ಹುಲ್ಲಿಗಷ್ಟೇ ಇನ್ನೂ 20. ಈ ಲೆಕ್ಕ 27 ಡಿಗ್ರಿ ಸೆಖೆಯದು; ಚಳಿಗಾಲದಲ್ಲಿ ಹೆಚ್ಚು ಹೊತ್ತು ಬೇಕು. ಗಾಳಿಗಿರಣಿಯ ಅಡ್ಡಗೆರೆಗಳನ್ನು ತೀರಾ ಒತ್ತೊತ್ತಾಗಿ ಎಳೆದರೆ ನಡುವಿನ ಗ್ರೌಂಡ್ ಕಿತ್ತುಬಂದು ಇಡೀ ಜಾಗ ಬೂದುಗುಳಿಯಾಗುತ್ತದೆ.

ಕಾಗದ ಚದರ ಮೀಟರಿಗೆ 250 ಗ್ರಾಂ ತೂಗುವ ಹತ್ತಿಯದು, ಅರ್ಧ ಗಂಟೆ ನೆನೆಸಿ ಬ್ಲಾಟಿಂಗ್ ಕಾಗದದಲ್ಲಿ ಒತ್ತಿದ್ದು. ಶಾಯಿಯನ್ನು ಗಂಜಿಬಟ್ಟೆಯಲ್ಲಿ ಒರೆಸಿ, ಆಕಾಶವನ್ನು ಮಾತ್ರ ಸೀಮೆಸುಣ್ಣದ ಪುಡಿ ಸವರಿದ ಅಂಗೈಯಿಂದ ಕೊನೆಗೆ ಒರೆಸಿದೆ. ಮೊದಲ ಅಚ್ಚಿನಲ್ಲೇ ಮೂರು ಚುಕ್ಕೆ ಕಂಡವು. ತಗಡಿನಲ್ಲಿ ಆ ಜಾಗಗಳನ್ನು ಸ್ಕ್ರೇಪರಿನಿಂದ ಕೆರೆದು, ಎಣ್ಣೆ ಹನಿಸಿ ಬರ್ನಿಷರಿನಿಂದ (ತಾಮ್ರವನ್ನು ನುಣುಪು ಮಾಡುವ ಉಪಕರಣ) ಉಜ್ಜಿದ ಮೇಲೆ ಎರಡು ಹೋದವು. ಮೂರನೆಯದನ್ನು ಹಕ್ಕಿಯೆಂದು ಬಿಟ್ಟುಬಿಟ್ಟೆ.